ಎಳ್ಳುಕಾಳಷ್ಟು ಬಲಕ್ಕೆ

ಮೂರನೇ ಸಲವೂ ಹಲಗೆ ಎಡಕ್ಕೆ ತಿರುಗಿ ಹಾಲೇಶಪ್ಪನನ್ನು ಸೂಳೆಕೆರೆಯ ನೀರಿಗೆ ಕೆಡವಿತು. ದಡದಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ ಕೆಂಪಕ್ಕ ನಕ್ಕು ನಕ್ಕು ಸುಸ್ತಾದಳು.

“ಏನೋ ಹಾಲೇಶಪ್ಪ, ನಿನ್ನ ಹಲ್ಗೆಗೆ ಎಡಗಡೆ ಯಾರ ಮನೆ ನೆಂಟಸ್ತನ ಐತೆ? ಅಲೆ ಮ್ಯಾಲೆ ನಿಂತ್ಕಂತೀನಿ ಅಂದೆ. ನನ್ನ ಎಮ್ಮೆನೇ ವಾಸಿ, ನೆಟ್ಟಗೆ ಹೋಗ್ತೈತೆ!”

“ತಳದಾಗಿನ ರೆಕ್ಕೆ ಪೆಟ್ಟಿಗೆ ಸೊಟ್ಟ ಕುಂತೈತೆ ಕಣಕ್ಕ.”

“ಒಬ್ಬನೇ ಕೂರ್ಸಿದ್ರೆ ಇನ್ನೆಂಗ್ ಕೂರ್ತೈತೆ? ಹೋಗಿ ನಿಮ್ಮಣ್ಣನ್ನ ಕರಿಯಪ್ಪ.”

ಹಾಲೇಶಪ್ಪ ಹಲಗೆಯನ್ನು ತಲೆಯ ಮೇಲೆ ಹೊತ್ತು ತನ್ನೂರು ಕೆರೆಬಿಳಚಿಯ ದಾರಿ ಹಿಡಿದ.

ಹಳೇ ಕ್ಯಾಲೆಂಡರಿನಲ್ಲಿ, ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ನಿಂತವನ ಚಿತ್ರ ನೋಡಿ ‘ನಾವೂ ಒಂದು ಮಾಡಾನ’ ಎಂದು ಅಣ್ಣ ತಮ್ಮ ಹುಡುಗರಾಗಿದ್ದಾಗಲೇ ಮಾತಾಡಿಕೊಂಡಿದ್ದರು. ಬೆಳೆದು ಇಬ್ಬರೂ ಬಡಗಿಗಳಾದರು. ಬಾಗಿಲಾಗಲಿ ಕಿಟಕಿಯಾಗಲಿ, ತಮ್ಮ ಹಾಲೇಶಪ್ಪ ಕೊಡತಿಯಿಂದ ಬಡಿದು ಕೂರಿಸುವುದು, ಅಣ್ಣ ಮಹೇಶ್ವರಪ್ಪ ಎದುರಿಗೆ ನಿಂತು ಒಂದು ಕಣ್ಣು ಮುಚ್ಚಿ ‘ಎಡಕ್ಕೆ, ಬಲಕ್ಕೆ, ಸಾಕು’ ಅನ್ನುವುದು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಯಾರದೋ ಬಾಗಿಲಿನ ವಿಷಯಕ್ಕೆ ಮಾತು ಬೆಳೆದು, “ನಿನ್ನ ಕಣ್ಣಿನ ಹಂಗು ನಂಗೆ ಬ್ಯಾಡ” ಅಂದುಬಿಟ್ಟ ಹಾಲೇಶಪ್ಪ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕೆಲಸದ ಶೆಡ್ಡಿನ ನಡುವೆ ಎದೆಯೆತ್ತರದ ಗೋಡೆ ಎದ್ದಿತು. ಆಮೇಲೆ ನಾಲ್ಕು ವರ್ಷ, ಗೋಡೆಯಾಚೆಯಿಂದ ಅಣ್ಣ ಮರ ನುಣುಪು ಮಾಡುವ ಉಜ್ಜುಗೊರಡಿನ ಸದ್ದು ಬಿಟ್ಟರೆ ಬೇರೇನೂ ಕೇಳಿರಲಿಲ್ಲ. ಹೆಂಡತಿ ಮಕ್ಕಳಿಲ್ಲದ ಹಾಲೇಶಪ್ಪ ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು.

ಶೆಡ್ಡಿಗೆ ಬಂದವನೇ ಹಾಲವಾಣ ಮರದ ಹಗುರ ಹಲಗೆಯನ್ನು ಬೋರಲು ಹಾಕಿ, ಹಲಗೆ ನೆಟ್ಟಗೆ ಸಾಗಲೆಂದು ಮೀನಿನ ರೆಕ್ಕೆಯಂಥ ಪಟ್ಟಿ ಸಿಕ್ಕಿಸಿದ್ದ ಪೆಟ್ಟಿಗೆಯನ್ನು ಉಳಿಯಿಂದ ಎಬ್ಬಿಸಿದ. ಗುಂಡಿಯೊಳಗಿನ ಹಳೇ ರಾಳ ಕೆರೆದು, ಹೊಸ ರಾಳ ಕಾಯಿಸಿ ಹುಯ್ದು, ಪೆಟ್ಟಿಗೆಯನ್ನು ಮತ್ತೆ ಇಟ್ಟ. ರಾಳ ಆರುವುದರೊಳಗೆ ಅದು ನೆಟ್ಟಗಾಗಬೇಕು. ಈ ತುದಿಯಲ್ಲಿ ಒಂದು ಪೆಟ್ಟು ಹಾಕಿ ಆ ತುದಿಗೆ ಓಡಿ ನೋಡಿದ. ಮತ್ತೆ ಓಡಿಬಂದು ಕುಟ್ಟಿದ. ಇದ್ದ ಒಬ್ಬನೇ ಎರಡು ಕಡೆ ಹೇಗೆ ಇದ್ದಾನು? ಥೂ, ಇದೂ ಒಂದು ಬಾಳಾ ಅನ್ನಿಸಿ ಅವನ ಕಣ್ಣು ತುಂಬಿ ಬಂತು.

“ಬಲಕ್ಕೆ. ಎಳ್ಳುಕಾಳಷ್ಟು.”

ಗೋಡೆಯ ಮೇಲಿಂದ ಬಂದ ದನಿ. ಹಾಲೇಶಪ್ಪ ತಲೆ ಎತ್ತಲಿಲ್ಲ. ಎತ್ತಿದರೆ ಆ ದನಿ ಎಲ್ಲಿ ನಿಂತುಹೋದೀತೋ ಎಂಬ ಭಯ. ಮೆಲ್ಲಗೆ ತಟ್ಟಿದ.

“ಇನ್ನೊಂಚೂರು... ಸಾಕು.”

ತಲೆ ಎತ್ತಿದಾಗ ಗೋಡೆಯ ಬಳಿ ಯಾರೂ ಇರಲಿಲ್ಲ. ಆಚೆ ಉಜ್ಜುಗೊರಡು ಮತ್ತೆ ಸರಬರ ಶುರುವಾಗಿತ್ತು.

ಮಾರನೇ ದಿನ ಗಾಳಿಗೆ ಕೆರೆಯಲ್ಲಿ ಅಲೆ ಎದ್ದಿತ್ತು. ಹಲಗೆ ನೂಲು ಹಿಡಿದಂತೆ ನೆಟ್ಟಗೆ ಹೋಯಿತು. ಹಾಲೇಶಪ್ಪ ಥೇಟ್ ಕ್ಯಾಲೆಂಡರಿನವನ ಹಾಗೆ ಎದ್ದು ನಿಂತ. “ಅಣ್ಣಾ, ನೋಡೋ!” ಎಂದು ಕೂಗಿಯೇಬಿಟ್ಟ. ದಡದಲ್ಲಿ ಅವತ್ತು ಕೆಂಪಕ್ಕನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಲಗೆಯನ್ನು ಗೋಡೆಯ ಪಕ್ಕಕ್ಕೆ ಎಳೆದು ಬೋರಲು ಹಾಕಿದ. ನೆಟ್ಟಗೆ ಕೂತಿದ್ದ ಪೆಟ್ಟಿಗೆಯನ್ನು ಉಳಿ ಹಾಕಿ ಕಿತ್ತ. ರಾಳ ಕಾಯಿಸಿ ಹುಯ್ದು, ಪೆಟ್ಟಿಗೆಯನ್ನು ಬೇಕೆಂತಲೇ ಎಡಕ್ಕೆ ವಾಲಿಸಿಟ್ಟು, ಊರಿಗೆಲ್ಲ ಕೇಳುವಂತೆ ಕೊಡತಿಯಿಂದ ಒಂದು ಪೆಟ್ಟು ಹಾಕಿದ.

ಗೋಡೆಯಾಚೆ ಉಜ್ಜುಗೊರಡಿನ ಸದ್ದು ನಿಂತಿತು.