ಅಣ್ಣನ ಪಾಲಿಗೆ ಹೋದ ಗಣಿತ

ಆ ಬೆಳಗ್ಗೆ ಮೋಡ ಕವಿದು ಗಾಳಿ ನಿಂತಿತ್ತು. ಇಂಜಿನಿಯರಿಂಗ್ ಕಾಲೇಜಿನ ಮೇಡಂ ನೀಲವ್ವನ ಮನೆಯ ಕಟ್ಟೆಯ ಮೇಲೆ ಕುಳಿತು, ಮಗಳು ಶಿವಲೀಲೆಗೆ ಸೀಟಿದೆ, ಅವಳ ಗಣಿತ ಅವಳಲ್ಲಿದ್ದರೆ ಸಾಕು ಎಂದರು.

ಆ ಊರಲ್ಲಿ ಹೆಣ್ಣುಮಗುವಿಗೆ ಹನ್ನೆರಡು ತುಂಬಿದ ದಿನ, ದೇವರ ಮುಂದೆ ಅವಳ ಗಣಿತವನ್ನು ಬಸಿದು ಅಣ್ಣನಿಗೆ ಕುಡಿಸುವುದು ವಾಡಿಕೆ. ಶಿವಲೀಲೆಯದನ್ನು ಕುಡಿದ ಅಣ್ಣ ಬಸಲಿಂಗ ಇಂಜಿನಿಯರ್ ಆಗಿ ಹಳ್ಳಕ್ಕೆ ಸೇತುವೆ ಕಟ್ಟಿಸುತ್ತಿದ್ದ.

"ಕೇಳದಿದ್ರೂ ಕೊಡಾಕ ಬಂದೀರಿ. ಇದರಾಗ ಏನೋ ಮಸಲತ್ತು ಐತಿ," ಎಂದಳು ತಾಯಿ ನೀಲವ್ವ. "ಹುಡುಗ್ಯಾರ ಗಣಿತ ಒಯ್ದು ಎಲ್ಲಿ ಮಾರ್ತೀರಿ?"

"ಅದು ಅಕಿ ಕಡೆನೇ ಇರ್ತೈತ್ರಿ, ಅವ್ವಾರ."

"ಹೌದ? ಅಣ್ಣನ ಸೇತುವೆ ಅರ್ಧಕ್ಕ ನಿಂತ್ರ?"

ಶಿವಲೀಲೆ ಏಳೆಂಟಲೆ ಎಷ್ಟೆಂದು ಬೆರಳು ಮಡಚಿ ಎಣಿಸಿ, ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡಿದಳು.

ಬಾಗಿಲಲ್ಲಿ ನಿಂತಿದ್ದ ಬಸಲಿಂಗ ಅದನ್ನು ನೋಡಿದ. ದೇವರ ಮನೆಗೆ ಹೋಗಿ ತನ್ನೊಳಗಿನ ಗಣಿತವನ್ನೆಲ್ಲ ಗಿಂಡಿಗೆ ಬಸಿದು ತಂದ. ತಂಗಿಯ ಕೈಗಿಟ್ಟ.