ಮೊಳೆಗೆ ಚುಚ್ಚಿದ ಚೀಟಿ

"ದುಡ್ಡು ಕೊಡೋನು ನಾನು, ತಿನ್ನೋನು ನಾನು. ಕೊಡಲ್ಲ ಅನ್ನೋಕೆ ನೀವ್ಯಾರ್ರೀ?"

ನಿವೃತ್ತ ಮ್ಯಾನೇಜರು ಗಲ್ಲಾಪೆಟ್ಟಿಗೆಯ ಮೇಲೆ ಗುದ್ದಿದರು. ಅಂಗಡಿಯಮ್ಮ ಕ್ರೀಮ್ ಬಿಸ್ಕತ್ತಿನ ಪೊಟ್ಟಣವನ್ನು ವಾಪಸು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು.

"ಕೂಗಾಡ್ಬೇಡಿ ಸಾರ್. ಉಪ್ಪು ಬೇಕಾ, ಸೋಪು ಬೇಕಾ, ತಗೊಂಡು ಹೋಗಿ. ಸಕ್ಕರೆ, ಬಿಸ್ಕತ್ತು ಮಾತ್ರ ನಿಮ್ಮ ಕೈಗೆ ಕೊಡೋ ಹಾಗಿಲ್ಲ. ಕಾಲಿನ ಒಂದು ಬೆರಳು ಆಗಲೇ ಹೋಯ್ತಂತಲ್ಲ, ಉಳಿದ ಒಂಬತ್ತಾದ್ರೂ ಇರ್ಲಿ."

ಅಕ್ಕಿ ತೂಗಿಸಿಕೊಳ್ಳುತ್ತಿದ್ದ ಅಂಚೆಯಣ್ಣ ಬಗ್ಗಿ ಅವರ ಚಪ್ಪಲಿ ನೋಡಿದ. ಮ್ಯಾನೇಜರು ಎಡಗಾಲನ್ನು ಬಲಗಾಲಿನ ಹಿಂದೆ ಬಚ್ಚಿಟ್ಟರು.

"ಬೆರಳಿನ ಸುದ್ದಿ ಹೇಳಿದ್ದು ಯಾರು?"

ಅವಳು ತಕ್ಕಡಿಯ ಹಿಂದಿನ ಗೋಡೆ ತೋರಿಸಿದಳು. ಒಂದು ಉದ್ದನೆಯ ಮೊಳೆ, ಅದರ ತುಂಬ ಚೀಟಿ. ತಮ್ಮ ಮನೆಯ ಯಾರಿಗೆ ಏನು ಕೊಡಬಾರದು ಎಂದು ಮನೆಯವರೇ ಬರೆದುಕೊಟ್ಟವು. ಅಂಚೆಯಣ್ಣನಿಗೆ ಬೀಡಿ ಇಲ್ಲ. ದರ್ಜಿಯ ತಾಯಿಗೆ ನಶ್ಯ ಇಲ್ಲ. ಎಲ್ಲಕ್ಕಿಂತ ಮೇಲಿದ್ದದ್ದು ಮ್ಯಾನೇಜರ ಹೆಂಡತಿಯ ಗುಂಡು ಗುಂಡಾದ ಅಕ್ಷರ.

ಆರು ತಿಂಗಳ ಹಿಂದೆ, ಈ ಹಳ್ಳಿಗೆ ಬಂದು ಲಾರಿಯಿಂದ ಸಾಮಾನು ಇಳಿಸಿದ ದಿನ, ಇದೇ ಅಂಗಡಿಯ ಮುಂದೆ ನಿಂತು ಮ್ಯಾನೇಜರು ಕಣ್ಣೊರೆಸಿಕೊಂಡಿದ್ದರು. ಪಟ್ಟಣದಲ್ಲಿ ಪಕ್ಕದ ಮನೆಯವನು ತಿಂದನೋ ಬಿಟ್ಟನೋ ಎಂದು ಕೇಳುವವರೇ ಇಲ್ಲ, ಕೇಳುವ ಜನರ ನಡುವೆ ಬದುಕೋಣ ಎಂದು ಬಂದೆವು, ಅಂದಿದ್ದರು. ಅಂಗಡಿಯಮ್ಮ ಆ ಮಾತನ್ನು ನಂಬಿಬಿಟ್ಟಿದ್ದಳು.

"ಪಟ್ಟಣದಲ್ಲಿ ಮೂಟೆಗಟ್ಟಲೆ ಸಕ್ಕರೆ ಹೊತ್ಕೊಂಡು ಹೋದ್ರೂ ಯಾರೂ ತುಟಿ ಬಿಚ್ಚಲ್ಲ. ಅದು ಮರ್ಯಾದೆ! ನನ್ನ ಹೆಂಡತಿ ತಾನಾಗಿ ಇಂಥದ್ದು ಬರೆಯೋಳಲ್ಲ, ನೀವೇ ತಲೆ ಕೆಡಿಸಿದ್ದೀರಿ. ನನಗೋಸ್ಕರ ಅವಳೂ ಸಿಹಿ ಬಿಟ್ಟು ಮೂರು ವರ್ಷ ಆಯ್ತು, ಗೊತ್ತಾ?"

ಅಂಚೆಯಣ್ಣನಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾವ್ರಾ? ದಿನಾ ಮೂರು ಗಂಟೆಗೆ ಬಂದು, ಆ ಮೂಟೆ ಮೇಲೆ ಕೂತು, ಒಂದು ಪ್ಯಾಕೆಟ್ ಕ್ರೀಮ್ ಬಿಸ್ಕತ್ತು ಮುಗಿಸಿ, ಬಾಯಿ ತೊಳ್ಕೊಂಡು ಹೋಗ್ತಾರಲ್ಲ ಸಾರ್!"

"ನಿನ್ನ ಬಾಯಿಗೆ ಬೀಗ ಹಾಕ," ಎಂದು ಅಂಗಡಿಯಮ್ಮ ಗದರಿದಳು. ತಡವಾಗಿತ್ತು.

ಮ್ಯಾನೇಜರು ಮೂಟೆಯನ್ನೇ ನೋಡಿದರು. ಅದರ ನಡುವೆ ಒಬ್ಬರು ಕೂರುವಷ್ಟು ತಗ್ಗು ಬಿದ್ದಿತ್ತು. ಜೇಬಿನಿಂದ ಪೆನ್ನು ತೆಗೆದು ಸಾಮಾನಿನ ಪಟ್ಟಿಯ ಹಿಂದೆ ಎರಡು ಸಾಲು ಗೀಚಿದರು. ಒಳಗೆ ನುಗ್ಗಿ ಅದನ್ನು ಮೊಳೆಗೆ ಚುಚ್ಚಿದರು.

"ಇನ್ನು ಈ ಮೆಟ್ಟಿಲು ಹತ್ತಿದ್ರೆ ಕೇಳಿ!"

ಕೊಡೆಯನ್ನೂ ಮರೆತು ಕುಂಟುತ್ತ ಹೊರಟೇಹೋದರು. ಮತ್ತೆ ಬರಲಿಲ್ಲ, ಕೊಡೆಗೂ ಬರಲಿಲ್ಲ.

ಅವರ ಬೆನ್ನು ಮರೆಯಾಗುತ್ತಿದ್ದಂತೆ ಅಂಗಡಿಯಮ್ಮ ಕನ್ನಡಕ ಏರಿಸಿ ಓದಿದಳು: "ನನ್ನ ಹೆಂಡತಿಗೆ ಬಿಸ್ಕತ್ತು ಕೊಡಕೂಡದು. ಎಷ್ಟೇ ಅತ್ತರೂ ಕೊಡಕೂಡದು."

"ಅಂತೂ ಇವತ್ತು ನಮ್ಮೂರಿನವರಾದ್ರು ಬಿಡು," ಎಂದು ಅವಳು ಮತ್ತೆ ತಕ್ಕಡಿ ಹಿಡಿದಳು.