ಮಾಸ್ತಿಕಲ್ಲಿನ ಕೈ

ಹೊಳವನಹಳ್ಳಿಯ ಮಾಸ್ತಿಕಲ್ಲಿನ ಮುಂದೆ ಅತ್ತೆ ಸಿದ್ದಗಂಗಮ್ಮ ಗುಂಡುಕಲ್ಲು ಎತ್ತಿದಾಗ ಶಿವರಂಜನಿ ಮುಷ್ಟಿ ಬಿಗಿದಳು. ಗಂಡನ ತಿಥಿ ಮುಗಿದಿತ್ತು, ಬಳೆ ಒಡೆಯುವುದೊಂದೇ ಬಾಕಿ. ಅವಳ ಕೈಯಲ್ಲಿ ಹಸಿರು ಬಳೆಗಳು ಇನ್ನೂ ಇದ್ದವು.

"ಬಸ್ಸು ಬತ್ತೈತೆ, ಬೇಗ ಮುಗ್ಸಿ" ಎಂದು ನೆಂಟರ ಹೆಂಗಸೊಬ್ಬಳು ಅವಸರಿಸಿದಳು.

"ಗಂಡನ ಜತೆ ಸುಡೋದನ್ನ ಬ್ರಿಟಿಷರ ಕಾಲದಾಗೇ ನಿಲ್ಸಿದ್ರಂತೆ. ಇದ್ಯಾಕತ್ತೆ ಇನ್ನೂ ಐತೆ?" ಎಂದಳು ಶಿವರಂಜನಿ.

"ಸುಮ್ಕಿರು ಕಣಮ್ಮ" ಎಂದು ಗದರಿದ ಸಿದ್ದಗಂಗಮ್ಮ ಕೈಮುಗಿಯಲು ಮಾಸ್ತಿಯತ್ತ ತಿರುಗಿದರು. ಚಿತೆ ಏರಿದವಳು ಕಲ್ಲಿನಲ್ಲಿ ಕೈಯೆತ್ತಿ ನಿಂತಿದ್ದಳು. ಆ ಕೈತುಂಬ ಬಳೆ. ಸಿದ್ದಗಂಗಮ್ಮ ಅದನ್ನೇ ನೋಡಿದರು. ಆಮೇಲೆ ಎಷ್ಟೋ ವರ್ಷದಿಂದ ಬೋಳಾಗಿದ್ದ ತಮ್ಮ ಕೈಯನ್ನು.

"ಸುಟ್ಟೋದೋಳಿಗೆ ಬಳೆ ಐತೆ. ಬದುಕಿರೋರಿಗೆ ಇಲ್ಲ."

ಗುಂಡುಕಲ್ಲು ಕೆಳಗಿಟ್ಟು, ಸುತ್ತಲಿನವರ ಮುಖ ನೋಡಲು ಹೆದರಿ, ಬೋಳುಗೈಯನ್ನು ಸೊಸೆಯ ಮುಂದೆ ಚಾಚಿದರು.

"ಎಲ್ಡು ನಂಗೂ ತೊಡ್ಸು."